ನಲ್ಲಿ ನೀರಿನ ಬೆಲೆ ಮಕ್ಕಳಿಗೆ ಗೊತ್ತಾಗೋ ಹಾಗೆ ಮಾಡೋದು ಹೇಗೆ?

ಕೇಳಿದ್ದು: ಬೆಂಗಳೂರಲ್ಲಿ ಮೊದಲ ಮಹಡಿ ಮನೆ, ಕೆಳಗೆ ಸಂಪು. 7 ಮತ್ತು 11 ವರ್ಷದ ಮಕ್ಕಳು. ಹಲ್ಲುಜ್ಜುವಷ್ಟು ಹೊತ್ತೂ ನಲ್ಲಿ ಸುರೀತಾನೇ ಇರುತ್ತೆ. ಬೈದೂ ಆಯ್ತು, ಬುದ್ಧಿ ಹೇಳಿಯೂ ಆಯ್ತು. ಬೇರೆ ದಾರಿ ಇದ್ದರೆ ಹೇಳಿ.

ಉತ್ತರ 1: ಒಂದು ಭಾನುವಾರ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ತಾರಸಿ ಟ್ಯಾಂಕಿನ ಕೆಳಗಿರೋ, ಮನೆಗೆ ನೀರು ಬಿಡೋ ಗೇಟ್ ವಾಲ್ವ್ ಮುಚ್ಚಿಬಿಡಿ. ಕಾವೇರಿ ನೀರು ಬಿಡೋ ದಿನವೇ ಆಗಲಿ, ಕಾಂಪೌಂಡಿನ ನಲ್ಲಿಯಿಂದ ಹಿಡಿದು ಮೇಲೆ ಹೊತ್ತು ತರಬೇಕು. ಸಂಪಿನಿಂದ ಮೊಗೆಯೋಕೆ ಮಕ್ಕಳನ್ನು ಬಿಡಲೇಬೇಡಿ, ಮುಚ್ಚಳಕ್ಕೆ ಬೀಗ ಇರಲಿ.

ಲೆಕ್ಕ ದಿನಕ್ಕೆ ತಲೆಗೆ 55 ಲೀಟರ್. ಹಳ್ಳಿ ಮನೆಗಳಿಗೆ ಕೇಂದ್ರದ ನಲ್ಲಿ ನೀರಿನ ಯೋಜನೆ ಜಲಜೀವನ್ ಮಿಷನ್ ಇಟ್ಟಿರೋ ಅಳತೆಯೇ ಅದು. ಸ್ನಾನಕ್ಕೆ 15, ಟಾಯ್ಲೆಟ್ಟಿಗೆ 20, ಪಾತ್ರೆಗೆ 10, ಕುಡಿಯೋಕೆ ಅಡುಗೆಗೆ 5, ಕೈಕಾಲು ತೊಳೆಯೋಕೆ 5. ಶವರ್ ನಿಮಿಷಕ್ಕೆ 8-10 ಲೀಟರ್ ಸುರಿಯುತ್ತೆ, ಅಂದರೆ ಸ್ನಾನದ ಪಾಲು ಎರಡೇ ನಿಮಿಷಕ್ಕೆ ಖಾಲಿ. ನಾಲ್ಕು ಜನಕ್ಕೆ 220 ಲೀಟರ್, 10 ಲೀಟರ್ ಬಕೆಟ್ಟಲ್ಲಿ 22 ಸಲ ಮೆಟ್ಟಿಲು ಹತ್ತಬೇಕು. ಚಿಕ್ಕದಕ್ಕೆ 3 ಲೀಟರಿನ ಬಿಂದಿಗೆ ಸಾಕು. ತಂದವರೇ ಗೋಡೆ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು ಹಾಕಲಿ.

ಕಮೋಡಿಗೆ ಚೊಂಬಲ್ಲಿ ಸ್ವಲ್ಪ ಸ್ವಲ್ಪ ಹುಯ್ದರೆ ಹೋಗಲ್ಲ, ನೀರು ದಂಡ. ಅರ್ಧ ಬಕೆಟ್ ಒಂದೇ ಸಲ ಜೋರಾಗಿ ಸುರಿಯಬೇಕು. ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಗಲಿ.

ಉತ್ತರ 2 (ಪ್ಲಂಬಿಂಗ್ ಕೆಲಸದವರು): ವಾಲ್ವ್ ಹಿಂದಿನ ದಿನವೇ ತಿರುಗಿಸಿ ನೋಡಿಕೊಳ್ಳಿ ಸರ್. ವರ್ಷಗಟ್ಟಲೆ ಮುಟ್ಟದೇ ಇದ್ದರೆ ಜಾಮ್ ಆಗಿರುತ್ತೆ, ಸ್ಪ್ಯಾನರ್ ಹಾಕಿ ಎಳೆದರೆ ಸ್ಪಿಂಡಲ್ ಮುರಿದು ನಿಮ್ಮ ಭಾನುವಾರ ಸೋಮವಾರಕ್ಕೂ ಮುಂದುವರಿಯುತ್ತೆ! ಬಿಗಿ ಅನ್ನಿಸಿದರೆ ಬಿಟ್ಟುಬಿಡಿ, ನಲ್ಲಿಗಳಿಗೆ ಬಟ್ಟೆ ಕಟ್ಟಿದರೂ ಸಾಕು. ಗೀಸರ್ ಸ್ವಿಚ್ ಮರೀದೆ ಆಫ್ ಮಾಡಿ, ಗೀಸರ್ ಒಳಗೆ ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತೆ.

ಉತ್ತರ 3: ನೀರು ಎಲ್ಲಿಂದ ಬರುತ್ತೆ ಅನ್ನೋದನ್ನೂ ಅವತ್ತೇ ಹೇಳಿ. ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಬೆಂಗಳೂರಿಗೆ ಸುಮಾರು 500 ಮೀಟರ್ ಮೇಲೆತ್ತುತ್ತಾರೆ. 1974ರಿಂದ ಹೀಗೇ ನಡೆದಿದೆ. 20 ಲೀಟರಿನ ಒಂದು ಬಕೆಟ್ ಅಷ್ಟು ಎತ್ತರಕ್ಕೆ ಬರೋಕೆ, ಪಂಪಿನ ನಷ್ಟ ಬಿಟ್ಟೇ, ಸುಮಾರು 27 ವ್ಯಾಟ್-ಅವರ್ ಬೇಕು. ಅಷ್ಟರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಮೂರು ಗಂಟೆ ಉರಿಯುತ್ತೆ. ಹನ್ನೊಂದು ವರ್ಷದವನಿಗೆ ಉಪದೇಶಕ್ಕಿಂತ ಈ ಲೆಕ್ಕ ರುಚಿಸುತ್ತೆ. ಬೀದಿಗೆ ನೀರು ಬಿಡೋ ವಾಲ್ವ್‌ಮನ್ ಬಂದಾಗ ಒಂದು ಲೋಟ ಮಜ್ಜಿಗೆ ಮಕ್ಕಳ ಕೈಲೇ ಕೊಡಿಸಿ.

ಉತ್ತರ 4: ಶನಿವಾರ ರಾತ್ರಿಯೇ ಡ್ರಮ್ಮು, ಕೊಳಗ ಎಲ್ಲ ತುಂಬಿಟ್ಟುಕೊಂಡರೆ ಆಟ ಅಲ್ಲಿಗೇ ಮುಗೀತು. ಇನ್ನೊಂದು ಎಡವಟ್ಟು, ನೀರು ಹೊರೋ ಕೆಲಸ ಮನೆಗೆಲಸದಾಕೆಯ ತಲೆಗೆ ಬರೋದು. ಅವತ್ತು ಅವರಿಗೆ ರಜೆ ಕೊಡಿ, ಪಾತ್ರೆ ಮಕ್ಕಳೇ ತೊಳೀಲಿ. ಅಜ್ಜಿ ತಾತ ಇದ್ದರೆ ಅವರಿಗೆ ಈ ಕಟ್ಟುಪಾಡು ಬೇಡ. "ಎಷ್ಟೋ ಜನಕ್ಕೆ ನೀರೇ ಇಲ್ಲ ಗೊತ್ತಾ" ಅನ್ನೋ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ, ಆ ಕ್ಷಣಕ್ಕೆ ಅದು ಶಿಕ್ಷೆ ಆಗಿಬಿಡುತ್ತೆ. ಒಂದೇ ಸಲಕ್ಕೆ ವಾರದಲ್ಲಿ ಮರೀತಾರೆ, ತಿಂಗಳಿಗೊಮ್ಮೆ ಇರಲಿ.

ಉತ್ತರ 2, ಮತ್ತೆ: ಸಂಜೆ ವಾಲ್ವ್ ನಿಧಾನ ತೆಗೀರಿ. ಮೊದಲು ಎಲ್ಲಕ್ಕಿಂತ ಕೆಳಗಿನ ನಲ್ಲಿ ಬಿಡಿ, ಗಾಳಿ ಪುಸ್ ಪುಸ್ ಅಂತ ಹೋಗುತ್ತೆ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಾದರೆ ಮೊದಲ ಅರ್ಧ ಬಕೆಟ್ ಕೆಂಪಗೆ ಬರಬಹುದು, ಅದನ್ನು ಟಾಯ್ಲೆಟ್ಟಿಗೆ ಇಟ್ಟುಕೊಳ್ಳಿ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬಂದ ಮೇಲೇ ಗೀಸರ್ ಆನ್ ಮಾಡಿ.