ಮಗಳು ಕಂದು ಗೊಂಬೆಯನ್ನು ‘ಕೆಟ್ಟವಳು’ ಮಾಡಿ ಆಡುತ್ತಾಳೆ, ಏನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮಗಳಿಗೆ ಐದು ವರ್ಷ. ಆಡಲು ಕೂತರೆ ಬಿಳಿ ಗೊಂಬೆಯನ್ನೇ ಎತ್ತಿಕೊಳ್ಳುತ್ತಾಳೆ, ಕಂದು ಗೊಂಬೆ ಯಾವಾಗಲೂ ಕೆಟ್ಟವಳು ಅಥವಾ ಕೆಲಸದವಳು. ಬೈಯದೆ, ಪಾಠ ಮಾಡದೆ ಇದನ್ನು ತಿದ್ದುವುದು ಹೇಗೆ? ಗೊಂಬೆ ಕೊಳ್ಳುವಾಗ, ಅನಿಮೇಷನ್ ಸಿನಿಮಾ ಆರಿಸುವಾಗ ಏನೇನು ನೋಡಬೇಕು? ಬಲ್ಲವರು ಹೇಳಿ.

ಶಿಶುವಿಹಾರದ ಟೀಚರ್: ಮೊದಲು ಗಾಬರಿ ಬಿಡಿ. ನಿಮ್ಮ ಮಗಳಲ್ಲಿ ವಿಶೇಷ ದೋಷವೇನೂ ಇಲ್ಲ. 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟು ಕೇಳಿದ್ದರು. ಬಣ್ಣ ಬಿಟ್ಟರೆ ಆ ಗೊಂಬೆಗಳಲ್ಲಿ ಮಿಕ್ಕೆಲ್ಲ ಒಂದೇ. ಆಡಲು ಯಾವುದು ಬೇಕು ಅಂದಾಗ ಸುಮಾರು ಮೂರನೇ ಎರಡು ಭಾಗ ಮಕ್ಕಳು ಬಿಳಿಯದನ್ನು ತೋರಿಸಿದರು. ಅಮೆರಿಕದ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಕ್ಲಾರ್ಕ್ ಅವರ ಕೆಲಸದ ಉಲ್ಲೇಖವಿದೆ. ಮಕ್ಕಳು ಸುತ್ತ ನೋಡಿದ್ದನ್ನೇ ಆಟದಲ್ಲಿ ಆಡುತ್ತಾರೆ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಬಿಳಿ ಗೊಂಬೆಯನ್ನು ಬಚ್ಚಿಡಬೇಡಿ, ಅದರ ಬೆಲೆ ಇನ್ನೂ ಏರುತ್ತದೆ. ‘ಯಾರು ಚೆನ್ನಾಗಿದ್ದಾರೆ?’ ಎಂದು ಪರೀಕ್ಷೆ ಮಾಡಲೇಬೇಡಿ. ಕಂದು ಗೊಂಬೆಯನ್ನು ಬರಿದಾಗಿ ಕೊಡದೆ ಒಂದು ಹೆಸರು, ಒಂದು ಚೀಲ, ಒಂದು ಕೆಲಸ ಕೊಟ್ಟೇ ಕೈಗಿಡಿ: ಇವಳು ಬಸ್ ಓಡಿಸುತ್ತಾಳೆ, ಇವಳಿಗೆ ಕಪ್ಪೆ ಕಂಡರೆ ಭಯ. ಕೆಟ್ಟವಳು ಅಂದ ಕೂಡಲೇ ‘ಹಾಗನ್ನಬಾರದು’ ಅನ್ನುವ ಬದಲು ‘ಅಯ್ಯೋ, ಏನು ಮಾಡಿದಳು?’ ಎಂದು ಕೇಳಿ. ಉತ್ತರ ಕಟ್ಟಲು ಹೊರಟ ಮಗು ಬಣ್ಣ ಬಿಟ್ಟು ಕತೆಗೆ ಇಳಿಯುತ್ತದೆ. ಮಾರನೆಯ ಆಟದಲ್ಲಿ ಕೆಟ್ಟವರ ಪಾತ್ರ ನೀವೇ ಬಿಳಿ ಗೊಂಬೆಗೆ ಕೊಟ್ಟು ನೋಡಿ, ಏನೂ ವಿವರಣೆ ಬೇಡ.

ಗೊಂಬೆ ಸಂಗ್ರಹ ಮಾಡುವವರು: ಅಂಗಡಿಯಲ್ಲಿ ನೋಡಬೇಕಾದ್ದು ಅಚ್ಚು. ಒಂದೇ ಕಂಪನಿಯ ಬಿಳಿ ಗೊಂಬೆ, ಕಂದು ಗೊಂಬೆ ಎರಡನ್ನೂ ಪಕ್ಕಪಕ್ಕ ಹಿಡಿದು, ಹೆಬ್ಬೆರಳಿನಿಂದ ಕೂದಲು ಮುಚ್ಚಿ. ಮೂಗಿನ ಅಗಲ, ತುಟಿಯ ದಪ್ಪ, ದವಡೆಯ ಗೆರೆ ಅಷ್ಟನ್ನೇ ನೋಡಿ. ಮೂರೂ ಒಂದೇ ಆಗಿದ್ದರೆ ಅದು ಬೇರೆ ಬಣ್ಣದ ಪ್ಲಾಸ್ಟಿಕ್ ಸುರಿದ ಬಿಳಿ ಗೊಂಬೆ. 1967ರಲ್ಲಿ ಬಾರ್ಬಿ ತಯಾರಿಸುವ ಮ್ಯಾಟೆಲ್ ಕಂಪನಿ ತಂದ ಕಪ್ಪು ಫ್ರಾನ್ಸಿ ಗೊಂಬೆ ಹೀಗೆಯೇ ಬಿಳಿ ಫ್ರಾನ್ಸಿಯ ಅಚ್ಚಿನಲ್ಲಿ ತೆಗೆದದ್ದು. ಮರುವರ್ಷ ಬಂದ ಕಪ್ಪು ಗೊಂಬೆ ಕ್ರಿಸ್ಟಿ ಬಾರ್ಬಿಯ ಗೆಳತಿ ಮಾತ್ರ. ಬಾರ್ಬಿ ಹುಟ್ಟಿದ್ದು 1959ರಲ್ಲಿ, ಆ ಹೆಸರೇ ಕಪ್ಪು ಗೊಂಬೆಗೆ ಸಿಕ್ಕಿದ್ದು 1980ರಲ್ಲಿ. ಅದನ್ನು ವಿನ್ಯಾಸ ಮಾಡಿದವರು ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್. ಆ ಹೆಸರಿಗೆ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು ಅನ್ನುವುದು ನನಗೆ ಈಗಲೂ ಸಂಕಟದ ಸಂಗತಿ. ಅದಕ್ಕೂ ಮೊದಲೇ, 1968ರಲ್ಲಿ, ಲಾಸ್ ಏಂಜಲಿಸ್‌ನ ಕಪ್ಪು ಸಮುದಾಯ ಕಟ್ಟಿದ ಶಿಂಡಾನ ಕಂಪನಿ ‘ಬೇಬಿ ನ್ಯಾನ್ಸಿ’ಯನ್ನು ಕಪ್ಪು ಮಗುವಿನದೇ ಮುಖಲಕ್ಷಣದಲ್ಲಿ ಮಾಡಿ ತೋರಿಸಿತ್ತು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆಟಿಕೆ ಗೌರವ ಪಟ್ಟಿಗೆ ಅದು ಸೇರಿತು.

ನಿಮ್ಮ ಊರಿನ ಹತ್ತಿರದ್ದೇ ಒಂದು ಹೇಳುತ್ತೇನೆ. ಅಮೆರಿಕನ್ ಗರ್ಲ್ ಎಂಬ ಗೊಂಬೆ ಕಂಪನಿಯ 2023ರ ‘ವರ್ಷದ ಹುಡುಗಿ’ ಭಾರತ ಮೂಲದವಳು, ಹೆಸರು ‘ಕವಿ ಶರ್ಮಾ’, ಕತೆಯ ಪ್ರಕಾರ ನ್ಯೂಜೆರ್ಸಿಯ ಮೆಟಚೆನ್‌ನವಳು. 18 ಇಂಚಿನ ಗೊಂಬೆ. ಹೊಸದು ದುಬಾರಿ, ಸೆಕೆಂಡ್ ಹ್ಯಾಂಡ್ ನೋಡಿ. ಕೊಳ್ಳುವಾಗ ಕೈಕಾಲಿನ ಕೀಲು ಸಡಿಲವಾಗಿದೆಯೇ, ಕೂದಲು ಬುಡದಲ್ಲಿ ಉದುರಿದೆಯೇ ನೋಡಿಕೊಳ್ಳಿ.

ಅನಿಮೇಷನ್ ಲೈಟಿಂಗ್ ಕೆಲಸದವರು: ಸಿನಿಮಾಕ್ಕೆ ನನ್ನ ಮೊದಲ ಪರೀಕ್ಷೆ: ಕಪ್ಪು ಅಥವಾ ಕಂದು ಬಣ್ಣದ ಪಾತ್ರ ತನ್ನ ಮೈಯಲ್ಲಿ ಎಷ್ಟು ಹೊತ್ತು ಇರುತ್ತದೆ? ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ತೆರೆಯ ಮೇಲೆ ಯಾರಿದ್ದಾರೆಂದು ಗುರುತು ಹಾಕಿಕೊಳ್ಳಿ. 2009ರ ‘ದ ಪ್ರಿನ್ಸೆಸ್ ಅಂಡ್ ದ ಫ್ರಾಗ್’ನ ಟಿಯಾನಾ ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ, ಆದರೆ ಸಿನಿಮಾದ ಬಹುಪಾಲು ಕಪ್ಪೆ. 2020ರ ‘ಸೋಲ್’ನಲ್ಲೂ ಕಪ್ಪು ನಾಯಕ ಬಹಳ ಹೊತ್ತು ಮೈಬಿಟ್ಟ ಆತ್ಮ. ಕೆಲಸದ ದೃಷ್ಟಿಯಿಂದ ‘ಸೋಲ್’ ನನಗೆ ಪ್ರಿಯವಾದದ್ದು. ಕಪ್ಪು ಚರ್ಮಕ್ಕೆ ಮುಂದಿನಿಂದ ಚಪ್ಪಟೆ ಬೆಳಕು ಬಿಟ್ಟರೆ ಬೂದಿ ಬಳಿದಂತೆ ಕಾಣುತ್ತದೆ. ಪಕ್ಕದಿಂದ ಬಿಟ್ಟರೆ ಕೆನ್ನೆ, ಮೂಗಿನ ಮೇಲೆ ಹೊಳಪು ಎದ್ದು ಮುಖಕ್ಕೆ ಜೀವ ಬರುತ್ತದೆ. ಅಲ್ಲಿ ಛಾಯಾಗ್ರಾಹಕ ಬ್ರಾಡ್‌ಫರ್ಡ್ ಯಂಗ್ ಅವರ ಸಲಹೆ ಪಡೆದೇ ಬೆಳಕು ಕಟ್ಟಿದರು. ಕ್ಷೌರದಂಗಡಿಯ ದೃಶ್ಯ ನೋಡಿ, ಒಬ್ಬೊಬ್ಬರ ಮೈಬಣ್ಣ ಒಂದೊಂದು, ಕೂದಲೂ ಹಾಗೆಯೇ.

ಎರಡನೆಯದು, ಕಣ್ಣು ಮುಚ್ಚಿ ದನಿ ಕೇಳಿ. 1992ರ ‘ಅಲ್ಲಾದ್ದೀನ್’ನಲ್ಲಿ ನಾಯಕ ನಾಯಕಿ ಅಮೆರಿಕನ್ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಬೀದಿಯ ವ್ಯಾಪಾರಿಗಳಿಗೂ ಕಾವಲುಗಾರರಿಗೂ ಮಾತ್ರ ಎಳೆದ ಅರಬ್ಬೀ ಧಾಟಿ. ಐದು ವರ್ಷದ ಕಿವಿಗೆ ಅಷ್ಟೇ ಸಾಕು. ಅಜ್ಜಿ ತಾತ ಮಾತಾಡುವ ಧಾಟಿ ಯಾರ ಬಾಯಲ್ಲಿ ಬರುತ್ತಿದೆ, ನಗಿಸುವವನ ಬಾಯಲ್ಲೋ, ಬುದ್ಧಿವಂತನ ಬಾಯಲ್ಲೋ ನೋಡಿ.

ಭಾರತದ ಮೂಲದ ಮಕ್ಕಳಿಗೆ 2015ರ ಕಿರುಚಿತ್ರ ‘ಸಂಜಯ್ಸ್ ಸೂಪರ್ ಟೀಮ್’ನಿಂದ ಶುರು ಮಾಡಿ. ಏಳು ನಿಮಿಷ, ಹೆಚ್ಚುಕಡಿಮೆ ಮಾತೇ ಇಲ್ಲ. 2020ರ ‘ಮೀರಾ, ರಾಯಲ್ ಡಿಟೆಕ್ಟಿವ್’ ಸರಣಿ ಈ ವಯಸ್ಸಿಗೆ ಸರಿಯಾದ್ದು. ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ 2023ರಲ್ಲಿ ಭಾರತದಲ್ಲಿ ಕನ್ನಡದಲ್ಲೂ ಬಂತು, ಭಾರತದ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರ್ ಅದರಲ್ಲಿದ್ದಾನೆ. ಆದರೆ ಮಿಂಚು, ಗದ್ದಲ ಜಾಸ್ತಿ, ಐದಕ್ಕೆ ಬೇಡ.

ಇನ್ನೊಬ್ಬರು: ಹಳೆಯ ಸಿನಿಮಾಗಳ ಬಗ್ಗೆ: ‘ಡಂಬೋ’ (1941), ‘ಪೀಟರ್ ಪ್ಯಾನ್’ (1953) ತೋರಿಸಿ, ಕೂತು ಮಾತಾಡಿದರಾಯಿತು. 2020ರಿಂದ ಕೆಲವು ವರ್ಷ ಡಿಸ್ನಿ ಪ್ಲಸ್‌ನಲ್ಲಿ, ಇವುಗಳಲ್ಲಿ ಬೇರೆ ಜನಾಂಗದವರನ್ನು ಕೀಳಾಗಿ ತೋರಿಸಿದೆ ಎಂಬ ಹನ್ನೆರಡು ಸೆಕೆಂಡಿನ ಎಚ್ಚರಿಕೆ ಮೊದಲಲ್ಲೇ ಬರುತ್ತಿತ್ತು.

ಶಿಶುವಿಹಾರದ ಟೀಚರ್: ಒಪ್ಪಲಾರೆ. ಆ ಎಚ್ಚರಿಕೆ ಓದಲು ಬರುವವರಿಗೆ. ಐದರ ಮಗುವಿಗೆ ಉಳಿಯುವುದು ಹಾಡು ಮತ್ತು ಚಿತ್ರ, ನಮ್ಮ ಮಾತಲ್ಲ. 2021ರ ಆರಂಭದಲ್ಲಿ ಡಿಸ್ನಿಯವರೇ ಈ ಸಿನಿಮಾಗಳನ್ನು ಮಕ್ಕಳ ಪ್ರೊಫೈಲ್‌ನಿಂದ ತೆಗೆದರು. ಎಂಟು ಒಂಬತ್ತಕ್ಕೆ ಒಟ್ಟಿಗೆ ಕೂತು ನೋಡಿ, ಆಗ ಮಾತಿಗೆ ಅರ್ಥವಿದೆ.

ಗೊಂಬೆ ರಿಪೇರಿ ಮಾಡುವವರು: ಮನೆಯಲ್ಲಿರುವ ಬಿಳಿ ಗೊಂಬೆಗೆ ಕಂದು ಬಣ್ಣ ಬಳಿಯುವ ಯೋಚನೆ ಇದ್ದರೆ ಬಿಡಿ. ಮೆತ್ತನೆಯ ವಿನೈಲ್‌ನೊಳಗಿನ ಎಣ್ಣೆಯಂಥ ಅಂಶ ಮೇಲೆ ಬಂದು ಅಕ್ರಿಲಿಕ್ ಬಣ್ಣ ಕಾಲಕ್ರಮೇಣ ಅಂಟಂಟಾಗುತ್ತದೆ, ಕೀಲಿನ ಜಾಗದಲ್ಲಿ ಉಜ್ಜಿ ಏಳುತ್ತದೆ, ಚೂರು ಮಗುವಿನ ಬಾಯಿಗೆ ಹೋಗುತ್ತದೆ. ಕೂದಲು ಮಾತ್ರ ಧೈರ್ಯವಾಗಿ ಬದಲಿಸಬಹುದು. ನೇರ ಕೂದಲನ್ನು ಗುಂಗುರು ಮಾಡಲು ಪೈಪ್ ಕ್ಲೀನರ್ ಎಂಬ ನಾರು ಸುತ್ತಿದ ತಂತಿಯನ್ನು 7-8 ಸೆಂ.ಮೀ. ತುಂಡು ಮಾಡಿ. ಒದ್ದೆ ಕೂದಲನ್ನು ಪೆನ್ಸಿಲ್ ದಪ್ಪದ ಎಳೆ ತೆಗೆದು ತುದಿಯಿಂದ ಬುಡಕ್ಕೆ ಬಿಗಿಯಾಗಿ ಸುತ್ತಿ, ತಂತಿ ಮಡಚಿ. ಮುಖಕ್ಕೆ ಬಟ್ಟೆ ಕಟ್ಟಿ, ತಲೆ ಕೆಳಗೆ ಮಾಡಿ ಕೂದಲನ್ನಷ್ಟೇ ಕುದಿನೀರಿನಲ್ಲಿ 15-20 ಸೆಕೆಂಡ್ ಅದ್ದಿ, ಕೂಡಲೇ ತಣ್ಣೀರಿಗೆ. ಪೂರ್ತಿ ಒಣಗುವವರೆಗೆ, ಅಂದರೆ ಕನಿಷ್ಠ ಒಂದು ದಿನ, ಬಿಚ್ಚಬೇಡಿ. ಅವಸರದಲ್ಲಿ ಬಿಚ್ಚಿದರೆ ಗುಂಗುರು ಜಾರಿಹೋಗುತ್ತದೆ. ಆಮೇಲೆ ಬಾಚಣಿಗೆ ಹಾಕಬಾರದು, ಬೆರಳಲ್ಲೇ ಬಿಡಿಸಿ. ನೈಲಾನ್, ಸರಾನ್ ಎಂಬ ಕೃತಕ ಎಳೆಗಳಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಅಗ್ಗದ ಗೊಂಬೆಗಳ ಪಾಲಿಪ್ರೊಪಿಲೀನ್ ಕೂದಲಿಗೆ ನಿಲ್ಲುವುದಿಲ್ಲ. ಕನೆಕಲಾನ್ ಎಂಬ ಇನ್ನೊಂದು ಕೃತಕ ಎಳೆಯಾದರೆ ಕುದಿನೀರು ಬೇಡ, ಸಿಕ್ಕುಗಟ್ಟುತ್ತದೆ. ಈ ಕೆಲಸ ದೊಡ್ಡವರೇ ಮಾಡಬೇಕು.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಹ್ಯಾಲೋವೀನ್‌ಗೆ ಡಿಸ್ನಿ ಸಿನಿಮಾದ ಪೆಸಿಫಿಕ್ ದ್ವೀಪದ ಹುಡುಗಿ ಮೋಆನಾ ವೇಷ ಕೇಳುತ್ತಿದ್ದಾಳೆ, ಹಾಕಬಹುದಾ?

ಗೊಂಬೆ ಸಂಗ್ರಹ ಮಾಡುವವರು: ಬಟ್ಟೆ, ಸರ ಹಾಕಿ. ಮೈಬಣ್ಣ ಬಳಿಯುವುದು, ಹಚ್ಚೆ ಬಿಡಿಸುವುದು ಬೇಡ. 2016ರಲ್ಲಿ ಅದೇ ಸಿನಿಮಾದ ಮಾವಿ ಪಾತ್ರದ್ದೆಂದು ಕಂದು ಚರ್ಮ, ಹಚ್ಚೆ ಎರಡೂ ಅಚ್ಚಾದ ಉಡುಪು ಮಾರಾಟಕ್ಕೆ ಬಂದಾಗ ಪೆಸಿಫಿಕ್ ದ್ವೀಪಗಳವರು ತಕರಾರೆತ್ತಿದರು, ಡಿಸ್ನಿ ಅದನ್ನು ಹಿಂದೆಗೆದುಕೊಂಡಿತು. ಆ ಹಚ್ಚೆಗಳು ಅಲ್ಲಿಯವರಿಗೆ ಮನೆತನದ ಗುರುತು.

ಚನ್ನಪಟ್ಟಣದ ಕಡೆಯವರು: ರಜೆಗೆ ಊರಿಗೆ ಬಂದಾಗ ಇಲ್ಲಿ ಹೇಳಿ ಮಾಡಿಸಿಕೊಳ್ಳಿ. ಹಾಲೆ ಮರ ಸ್ವಭಾವತಃ ಬಿಳಿ, ಹಾಗಾಗಿ ಮುಖವನ್ನು ಮರದ ಬಣ್ಣಕ್ಕೇ ಬಿಟ್ಟರೆ ಗೊಂಬೆ ಬೆಳ್ಳಗೇ ಕಾಣುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆದ್ದರಿಂದ ಕಂದು ಬೇಕೆಂದರೆ ಕಡೆಯುವ ಮೊದಲೇ ಹೇಳಬೇಕು, ಆಮೇಲೆ ಬಳಿದದ್ದು ನಿಲ್ಲುವುದಿಲ್ಲ. ಬಣ್ಣ ಹೊಂದಿಸಲು ಮಗಳ ಕೈಯ ಫೋಟೊ ಕಳಿಸಿ, ಬಿಸಿಲಿನಲ್ಲಿ ಬೇಡ, ನೆರಳಿನಲ್ಲಿ ತೆಗೆದದ್ದು. ಒಂದೇ ಗೊಂಬೆ ಬೇಡ, ಮೂರು ಬೇರೆ ಬೇರೆ ಕಂದು ಛಾಯೆಯಲ್ಲಿ ಕೇಳಿ: ಅಮ್ಮ, ಅಪ್ಪ, ಮಗಳು. ಸಣ್ಣ ಮಗುವಿದ್ದರೆ ಬಿಡಿಭಾಗಗಳು ಗಂಟಲಿಗೆ ಹೋಗದಷ್ಟು ದೊಡ್ಡದಿರಲಿ ಎಂದೂ ಹೇಳಿಬಿಡಿ.