ರೆಫರಲ್ ಚೀಟಿ ಇಲ್ಲದ್ದಕ್ಕೆ ಅಪ್ಪನ ಆಪರೇಷನ್‌ಗೆ ಪೂರ್ತಿ ದುಡ್ಡು ಕಟ್ಟಿದೆವು. ನಮ್ಮ ತಾಲೂಕಿನಲ್ಲಿ ಇದು ಬದಲಾಗಬೇಕಾದರೆ ಯಾರನ್ನು ಕೇಳಬೇಕು?

ಪ್ರಶ್ನೆ (ಅಡಿಕೆ ಕೊಯ್ಲು ಕೆಲಸದವರು):

ಅಕ್ಕ, ನಮಸ್ಕಾರ. ನೀವು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ನಲ್ಲಿ ಇದ್ದವರು ಅಂತ ಗ್ರೂಪಿನಲ್ಲಿ ಹೇಳಿದರು. ಹೋದ ಮಳೆಗಾಲದಲ್ಲಿ ಒಂದು ಶನಿವಾರ ರಾತ್ರಿ ಅಪ್ಪನಿಗೆ ಹೊಟ್ಟೆ ಪಕ್ಕೆಯಲ್ಲಿ ತಡೆಯಲಾರದ ನೋವು ಬಂತು. ಗಾಡಿ ಮಾಡಿಕೊಂಡು ಘಟ್ಟ ಇಳಿದು ನೇರ ಖಾಸಗಿ ಆಸ್ಪತ್ರೆಗೆ ಹೋದೆವು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಆಪರೇಷನ್ ಬೇಕು ಅಂದರು. ನಮ್ಮದು ಬಿಪಿಎಲ್ ಕಾರ್ಡು, 5 ಲಕ್ಷದವರೆಗೆ ಫ್ರೀ ಅಂತಲೇ ನಂಬಿದ್ದೆವು. ಆದರೆ ಇದು ತುರ್ತು ಪಟ್ಟಿಗೆ ಬರುವುದಿಲ್ಲ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು ಅಂದರು. ಭಾನುವಾರ ಯಾರು ಕೊಡುತ್ತಾರೆ? ಹೆಂಡತಿಯ ಸರ ಅಡ ಇಟ್ಟು 68,000 ಕಟ್ಟಿದೆವು. ಆ ದುಡ್ಡು ವಾಪಸ್ ಬರುತ್ತದಾ? ನಮ್ಮ ಹಾಗೆ ಇನ್ನೊಬ್ಬರಿಗೆ ಆಗಬಾರದು ಅಂದರೆ ಏನು ಮಾಡಬೇಕು?

ಉತ್ತರ:

ಅಣ್ಣ, ಮೊದಲು ಬೇಜಾರಿನ ಮಾತು ಹೇಳಿಬಿಡುತ್ತೇನೆ. ನೀವು ಹೇಳಿದ 5 ಲಕ್ಷದ ಯೋಜನೆ, ಅಂದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ, ನಾವು ಕಟ್ಟಿದ ದುಡ್ಡನ್ನು ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯುವ ದಾರಿ ಇಲ್ಲ. ಅನುಮತಿ ಚಿಕಿತ್ಸೆಗೆ ಮೊದಲೇ ಆಗಬೇಕು, ದುಡ್ಡು ಆಸ್ಪತ್ರೆಗೇ ಹೋಗುತ್ತದೆ. ನಿಮಗೆ ಉಳಿದಿರುವುದು ಮುಖ್ಯಮಂತ್ರಿ ಪರಿಹಾರ ನಿಧಿ. ಮೂಲ ಬಿಲ್, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡು, ಆಧಾರ್ ಇಟ್ಟುಕೊಂಡು ಶಾಸಕರ ಕಚೇರಿಗೆ ಹೋಗಿ ಪತ್ರ ಕೇಳಿ. ಪೂರ್ತಿ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೂ ಬಿಡಬೇಡಿ, ಈ ವಾರವೇ ಹೋಗಿ.

ಚೀಟಿಯ ವಿಷಯ ಎಲ್ಲರಿಗೂ ತಿಳಿದಿರಲಿ. ಈ ಯೋಜನೆಯಲ್ಲಿ 1650 ಚಿಕಿತ್ಸೆಗಳ ಪಟ್ಟಿ ಇತ್ತು, ಅದರಲ್ಲಿ ಸುಮಾರು 170 ಮಾತ್ರ ತುರ್ತು. ಆ ಪಟ್ಟಿಯಲ್ಲಿದ್ದರೆ ಚೀಟಿ ಬೇಡ, ಯೋಜನೆಗೆ ಸೇರಿದ ಯಾವ ಆಸ್ಪತ್ರೆಗಾದರೂ ನೇರ ಹೋಗಬಹುದು. ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಮಾತ್ರ ಚೀಟಿ. ಈ ನಿಯಮ ಇಟ್ಟಿದ್ದಕ್ಕೆ ಕಾರಣ ಇದೆ. ಎಲ್ಲರೂ ನೇರ ಖಾಸಗಿಗೆ ಹೋದರೆ ತಾಲೂಕು ಆಸ್ಪತ್ರೆಗೆ ಯಾರೂ ಬರುವುದಿಲ್ಲ, ಸರ್ಕಾರದ ದುಡ್ಡೆಲ್ಲ ಹೊರಗೆ ಹೋಗುತ್ತದೆ. ಆದರೆ ನಿಯಮ ಮಾಡಿದವರು ಹಗಲು ಹೊತ್ತಿನ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ನೋವು ಶನಿವಾರ ರಾತ್ರಿಯೂ ಬರುತ್ತದೆ, ಅಲ್ವಾ?

ಒಂದು ಸಂಗತಿ ಹೇಳುತ್ತೇನೆ. ನಾನು ಕೌಂಟರ್‌ನಲ್ಲಿ ಇದ್ದ ಕಾಲ, ಜುಲೈ ತಿಂಗಳು. ಒಬ್ಬ ಅಮ್ಮ ಬಿತ್ತನೆ ಬೀಜದ ಖಾಲಿ ಪ್ಯಾಕೆಟ್ ಒಳಗಿಂದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರು. ನಾಲ್ಕು ಮಡಿಕೆ, ಪೂರ್ತಿ ನೆನೆದಿತ್ತು. ಡಾಕ್ಟರ ಸಹಿ ಇತ್ತು. ಸೀಲಿನ ನೇರಳೆ ಶಾಯಿ ಹರಡಿ ಒಂದು ಮಬ್ಬು ಕಲೆಯಾಗಿ ಉಳಿದಿತ್ತು. ಸೀಲು ಓದಲಿಕ್ಕೆ ಆಗುವುದಿಲ್ಲ, ವಾಪಸ್ ಕಳಿಸಿ ಅಂತ ಒಳಗಿನಿಂದ ಹೇಳಿದರು. ಆ ಅಮ್ಮ ಎರಡು ಬಸ್ ಬದಲಿಸಿ ಬಂದಿದ್ದರು. ನಾನು ತಾಲೂಕು ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿ ಯೋಜನೆಯ ಕೆಲಸ ನೋಡುವ ಸಿಬ್ಬಂದಿ ಆರೋಗ್ಯಮಿತ್ರರಿಂದ ಹೊಸ ಚೀಟಿಯ ಫೋಟೋ ತರಿಸಿಕೊಳ್ಳಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಕೌಂಟರ್ ಮುಂದೆ ನಿಂತೇ ಇದ್ದರು. ಕೂರಿ ಅಂದರೂ ಕೂರಲಿಲ್ಲ, ಕೂತರೆ ತನ್ನ ಸರದಿ ಹೋಗುತ್ತದೆ ಅನ್ನೋ ಭಯ. ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ. ಅವರಿಗೆ ಕಾರ್ಡಿತ್ತು, ಹಕ್ಕಿತ್ತು, ಡಾಕ್ಟರು ಬರೆದೂ ಕೊಟ್ಟಿದ್ದರು. ಒಂದು ಕಾಗದದ ಹತ್ತಿರ ಬಂದು ಎಲ್ಲ ನಿಂತುಹೋಗಿತ್ತು.

ಪ್ರಶ್ನೆ (ಎರಡೂವರೆ ಎಕರೆ ತೋಟದವರು):

ಮೇಡಂ, ನಮ್ಮದು ಎಪಿಎಲ್ ಕಾರ್ಡು. ಎಲೆಚುಕ್ಕಿ ರೋಗ ಬಂದು ಎರಡು ವರ್ಷದಿಂದ ಫಸಲೇ ಇಲ್ಲ. ನಮಗೆ ಏನೂ ಸಿಗುವುದಿಲ್ಲವಾ?

ಉತ್ತರ:

ಸಿಗುತ್ತದೆ, ಆದರೆ ಸಾಲದು. ಎಪಿಎಲ್ ಮನೆಯವರಿಗೆ ಸರ್ಕಾರ ಕೊಡುವುದು 30%, ಅದೂ ವರ್ಷಕ್ಕೆ ಇಡೀ ಮನೆಗೆ 1.5 ಲಕ್ಷದವರೆಗೆ. ಈ 30% ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಮೇಲೆ. ಲೆಕ್ಕಕ್ಕೆ ಹೇಳುತ್ತೇನೆ: ಪ್ಯಾಕೇಜ್ 60,000 ಇದ್ದರೆ ಸರ್ಕಾರದ ಪಾಲು 18,000. ಉಳಿದ 42,000 ನಿಮ್ಮದು. ಫಸಲು ಹೋದ ವರ್ಷ ಅದನ್ನು ಎಲ್ಲಿಂದ ತರುವುದು? ಮಲೆನಾಡಿನಲ್ಲಿ ಕಾರ್ಡಿನ ಬಣ್ಣ ನೋಡಿ ಮನೆಯ ಸ್ಥಿತಿ ಹೇಳಲಿಕ್ಕೆ ಆಗುವುದಿಲ್ಲ. ಈ ಪಾಲು ಜಾಸ್ತಿ ಆಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ರಾಜ್ಯ ಸರ್ಕಾರದ ಕೈಯಲ್ಲಿರುವ ಮಾತು, ಹಾಗಾಗಿ ಶಾಸಕರ ಮೂಲಕವೇ ಹೋಗಬೇಕು.

ಅಲ್ಲಿಯವರೆಗೆ ನಿಮ್ಮಂಥವರಿಗೆ ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ ಇದೆ. ನಿಮ್ಮ ಸೊಸೈಟಿಯ ಷೇರು ಇದ್ದೇ ಇರುತ್ತದೆ. ಹಳ್ಳಿಯ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100. ಪರಿಶಿಷ್ಟ ಜಾತಿ, ಪಂಗಡದವರ ಕಂತನ್ನು ಸರ್ಕಾರವೇ ಕಟ್ಟುತ್ತದೆ. ವರ್ಷಕ್ಕೆ 5 ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಗೆ ಮಾತ್ರ ಅನ್ನುವುದು ನೆನಪಿರಲಿ. ಒಂದು ಕೊರಗು ಏನೆಂದರೆ, ನೋಂದಣಿಗೆ ಗಡುವು ಇರುತ್ತದೆ. ಗಡುವು ದಾಟಿದ ಮೇಲೆ ಕಾಯಿಲೆ ಬಂದರೆ ಮುಂದಿನ ವರ್ಷದವರೆಗೆ ಏನೂ ಮಾಡಲಾಗುವುದಿಲ್ಲ. ಗೊಬ್ಬರಕ್ಕೆ ಸೊಸೈಟಿಗೆ ಹೋದಾಗ ಕಾರ್ಯದರ್ಶಿಯವರನ್ನು ಕೇಳಿ.

ಕೇಳಿದರೆ ಏನೂ ಆಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಯಶಸ್ವಿನಿ ಶುರುವಾಗಿದ್ದು 2003ರಲ್ಲಿ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ಅದನ್ನು ನಿಲ್ಲಿಸಿದರು. ಸಹಕಾರ ಸಂಘದವರು ಬೇಕು ಅಂತ ಕೇಳುತ್ತಲೇ ಇದ್ದರು. 2022ರಲ್ಲಿ ಮತ್ತೆ ಬಂತು.

ಪ್ರಶ್ನೆ (ಬೆಂಗಳೂರಿನಲ್ಲಿ ಕೆಲಸ ಮಾಡುವವರು):

ಅಕ್ಕ, ಅಮ್ಮ ಊರಲ್ಲಿ ಇದ್ದಾರೆ, 67 ವರ್ಷ, ಬಿಪಿ, ಶುಗರ್ ಎರಡೂ ಇದೆ. ವಿಮಾ ಕಂಪನಿಯ ಆರೋಗ್ಯ ಪಾಲಿಸಿ ಮಾಡಿಸಬೇಕು ಅಂತಿದ್ದೇನೆ. ವಯಸ್ಸಾಯಿತು, ಕೊಡುವುದಿಲ್ಲ ಅಂತ ಏಜೆಂಟ್ ಒಬ್ಬರು ಹೇಳಿದರು.

ಉತ್ತರ:

65 ದಾಟಿದವರಿಗೆ ಪಾಲಿಸಿಯೇ ಇಲ್ಲ ಅನ್ನುವ ಕಾಲ ಹೋಯಿತು. 2024ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕು ಅಂತ ವಿಮಾ ನಿಯಂತ್ರಕರಾದ ಐಆರ್‌ಡಿಎಐ ಹೇಳಿದೆ. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ 3 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಇಲ್ಲ, ಮೊದಲು 18% ಇತ್ತು.

ಬಿಪಿ, ಶುಗರ್ ಎರಡನ್ನೂ ಅರ್ಜಿಯಲ್ಲಿ ಬರೆಸಿ. "ಬರೆದರೆ ಪ್ರೀಮಿಯಂ ಏರುತ್ತದೆ, ಸುಮ್ನೆ ಬಿಡಿ" ಅಂತ ಹೇಳುವವರು ಇದ್ದಾರೆ. ಕ್ಲೇಮ್ ಬರುವ ದಿನ ಅವರು ಫೋನ್ ಎತ್ತುವುದಿಲ್ಲ. ನಾನು ನೋಡಿದ ತಿರಸ್ಕಾರಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದ್ದು. ರೂಮ್ ಬಾಡಿಗೆಗೆ ಮಿತಿ ಇದೆಯಾ ಅಂತಲೂ ನೋಡಿ. ಮಿತಿ 3,000 ಇದ್ದು 6,000ದ ರೂಮ್ ತೆಗೆದುಕೊಂಡರೆ, ಬಾಡಿಗೆ ಮಾತ್ರ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚನ್ನೂ ಅದೇ ಲೆಕ್ಕದಲ್ಲಿ ಕಡಿತ ಮಾಡುವ ಪಾಲಿಸಿಗಳಿವೆ. ಕಂಪನಿ ತಪ್ಪಾಗಿ ತಿರಸ್ಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಬಂದದ್ದು ಸರಿಯಿಲ್ಲ ಅಂದರೆ ವಿಮೆ ದೂರುಗಳನ್ನು ಕೇಳಿ ತೀರ್ಮಾನ ಕೊಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಫೀಸಿಲ್ಲ, ವಕೀಲರೂ ಬೇಡ.

ಪ್ರಶ್ನೆ (ಮೊದಲು ಕೇಳಿದವರು):

ಅಕ್ಕ, ಅಂದರೆ ನಾವು ಊರಿನವರು ಸೇರಿ ಯಾರ ಹತ್ತಿರ ಹೋಗಬೇಕು? ಏನು ಅಂತ ಬರೆಯಬೇಕು?

ಉತ್ತರ:

ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಖುಷಿ ಆಯಿತು ಅಣ್ಣ. ಸರ್ಕಾರಿ ಆಸ್ಪತ್ರೆಗಳಿಗೆ ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿರುತ್ತದೆ. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಅರ್ಜಿ ಆ ಸಮಿತಿಗೆ ಕೊಡಿ, ಒಂದು ಪ್ರತಿ ಶಾಸಕರಿಗೆ. "ಆರೋಗ್ಯ ವ್ಯವಸ್ಥೆ ಸುಧಾರಿಸಿ" ಅಂತ ಬರೆದರೆ ಯಾರೂ ಏನೂ ಮಾಡುವುದಿಲ್ಲ. ರಾತ್ರಿ ಮತ್ತು ಭಾನುವಾರ ಡ್ಯೂಟಿಯಲ್ಲಿರುವ ಡಾಕ್ಟರೇ ರೆಫರಲ್ ಕೊಡುವಂತಾಗಲಿ, ಚೀಟಿ ನೇರ ಕಂಪ್ಯೂಟರ್ ಮೂಲಕ ಹೋಗಲಿ, ಆರೋಗ್ಯಮಿತ್ರರ ಫೋನ್ ನಂಬರು ಕ್ಯಾಶುವಾಲಿಟಿ ಬಾಗಿಲಿನ ಮೇಲೆ ದೊಡ್ಡದಾಗಿ ಬರೆದಿರಲಿ. ಹೀಗೆ ಬರೆಯಿರಿ. ಇದಕ್ಕೆ ದೊಡ್ಡ ದುಡ್ಡು ಬೇಡ, ಒಂದು ಡ್ಯೂಟಿ ಪಟ್ಟಿ ಸಾಕು.

ನಿಮ್ಮ 68,000ದ ಬಿಲ್ಲಿನ ಜೆರಾಕ್ಸ್ ಲಗತ್ತಿಸಿ. ಬಂದ ದಿನ, ವಾರ, ಹೊತ್ತು ಬರೆಯಿರಿ. ಈ ಗ್ರೂಪಿನಲ್ಲಿ ಹೀಗೇ ಆದವರು ಇನ್ನೂ ಇದ್ದಾರೆ, ನನಗೆ ಗೊತ್ತು. ನಾಚಿಕೆ ಪಡಬೇಡಿ, ನಿಮ್ಮದನ್ನೂ ಕೊಡಿ. ಹತ್ತು ಬಿಲ್ ಒಟ್ಟಿಗೆ ಮೇಜಿನ ಮೇಲೆ ಬಿದ್ದರೆ ಅದನ್ನು ಪಕ್ಕಕ್ಕೆ ತಳ್ಳುವುದು ಕಷ್ಟ. ಗ್ರಾಮಸಭೆಯಲ್ಲೂ ಇದನ್ನೇ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿಕೊಂಡು ಸಹಿ ಹಾಕಿ. ಸೊಸೈಟಿ ಮಹಾಸಭೆಯಲ್ಲಿ ಯಶಸ್ವಿನಿಯ ಗಡುವನ್ನು ಹಾಲಿನ ಡೈರಿಯ ಬೋರ್ಡಿನಲ್ಲೂ ಹಾಕಿ ಅಂತ ಕೇಳಿ. ದಿನಾ ಬೆಳಿಗ್ಗೆ ಎಲ್ಲರೂ ಕ್ಯಾನ್ ಹಿಡಿದು ನಿಲ್ಲುವ ಜಾಗ ಅದು.

ಈ ನಡುವೆ ಯಾರಿಗಾದರೂ ರಾತ್ರಿ ಹೊತ್ತು ಹೀಗಾದರೆ, ಜೀವಕ್ಕೆ ಅಪಾಯ ಅನ್ನಿಸಿದರೆ ಹತ್ತಿರದ ಆಸ್ಪತ್ರೆಗೆ ಹೋಗಿಬಿಡಿ, ಚೀಟಿಗಾಗಿ ಕಾಯಬೇಡಿ. ಎದೆನೋವಾದರೆ ಮೊದಲು ತಾಲೂಕು ಆಸ್ಪತ್ರೆ. ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಹೃದಯ ಜ್ಯೋತಿ ಯೋಜನೆಯಲ್ಲಿ ಫ್ರೀ ಕೊಡುತ್ತಾರೆ. ಉಳಿದ ನೋವಿಗೆ ಗಾಡಿ ಹತ್ತುವ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಘಟ್ಟ ಇಳಿಯುವ ದಾರಿಯಲ್ಲೇ ತಾಲೂಕು ಆಸ್ಪತ್ರೆಗೆ ಹತ್ತು ನಿಮಿಷ ಹೋಗಿ ತೋರಿಸಿ, ಚೀಟಿ ಕೇಳಿ. ರೇಷನ್ ಕಾರ್ಡು, ಆಧಾರ್ ಎರಡರ ಫೋಟೋ ಮನೆಯವರೆಲ್ಲರ ಫೋನಿನಲ್ಲೂ ಇರಲಿ.

ಅರ್ಜಿ ಬರೆಯಲು ನಾನು ಕೂರುತ್ತೇನೆ. ಭಾನುವಾರ ಮಧ್ಯಾಹ್ನ ಬಿಡುವಿದ್ದರೆ ಬಿಲ್ ಹಿಡಿದುಕೊಂಡು ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ. ಮೂತ್ರನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದ್ದರೆ ಅದನ್ನು ಯಾವಾಗ ತೆಗೆಯಬೇಕು ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತಾರೆ, ಅದನ್ನೂ ಒಮ್ಮೆ ನೋಡೋಣ. ಅದಕ್ಕಾದರೂ ಈ ಸಲ ಚೀಟಿ ಮೊದಲೇ ಮಾಡಿಸೋಣ.