ಹೊಸ ಕಾರಿಗೆ ₹11,800ರ ಕೋಟಿಂಗ್ ಬೇಕಾ? ನಮ್ಮನೆ ಗ್ರೂಪಲ್ಲಿ ಚರ್ಚೆ

ನಾನು: [ಫೋಟೋ: ಶೋರೂಮ್ ಕೊಟೇಶನ್] ಪೇಂಟ್ ಪ್ರೊಟೆಕ್ಷನ್ 10,000, ಜಿಎಸ್‌ಟಿ 18% ಸೇರಿ 11,800. ಅಂಡರ್‌ಬಾಡಿ ಕೋಟಿಂಗ್ ಬೇರೆ. ಗುರುವಾರ ಡೆಲಿವರಿ. ಸಂಜೆ ಒಳಗೆ ಹೇಳಿ ಅಂತಿದಾರೆ. ಹಾಕಿಸ್ಲಾ?

ಮೂಡಿಗೆರೆ ಭಾವ: ಹಾಕ್ಸು. ತೋಟದಲ್ಲಿ ನಿಲ್ಲೋ ಗಾಡಿ. ಸಿಲ್ವರ್ ಮರದ ಕೆಳಗೆ ಹಕ್ಕಿ ಹಿಕ್ಕೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ಹಾರೋ ಹನಿ, ಆರು ತಿಂಗಳು ಕೆಸರು. ಬರೀ ಪೇಂಟ್ ಎಷ್ಟೂಂತ ತಡ್ಕೊಳ್ಳುತ್ತೆ?

ಹಾಸನ ಚಿಕ್ಕಪ್ಪ: ಬೇಡ ಕಣೋ. ಕೊಟೇಶನ್ನಲ್ಲಿ ಏನು ಹಾಕ್ತಾರೆ ಅಂತಾನೇ ಬರೆದಿಲ್ಲ. ಟೆಫ್ಲಾನಾ, ಗಾಜಿನ ಥರ ಗಟ್ಟಿಯಾಗೋ ಸೆರಾಮಿಕ್ಕಾ ಕೇಳು. ಎಷ್ಟು ಹೊತ್ತಿನ ಕೆಲಸ ಅಂತಲೂ ಕೇಳು.

ನಾನು: ಫೋನ್ ಮಾಡ್ದೆ. ಟೆಫ್ಲಾನ್ ಅಂತೆ. ಒಂದೂವರೆ ಗಂಟೇಲಿ ಮುಗಿಯುತ್ತಂತೆ.

ಮೂಡಿಗೆರೆ ಭಾವ: ದೋಸೆ ತವಾಗೆ ಹಾಕೋದೂ ಅದೇ ಅಲ್ವಾ ಮಾವ? ಗಟ್ಟಿ ಇರುತ್ತೆ.

ಹಾಸನ ಚಿಕ್ಕಪ್ಪ: ತವಾ ಮೇಲೆ ಅದು ಕೂರೋದು ಭಟ್ಟೀಲಿ ಕಾಯಿಸಿದ್ದಕ್ಕೆ ಅಳಿಯಂದ್ರೇ. ಟೆಫ್ಲಾನ್ ಕರಗೋಕೇ 327 ಡಿಗ್ರಿ ಬೇಕು. ಬಾನೆಟ್‌ಗೆ ಅಷ್ಟು ಶಾಖ ಕೊಟ್ರೆ ಪೇಂಟೇ ಉಳಿಯಲ್ಲ. ಇಲ್ಲಿ ಬಟ್ಟೇಲಿ ಸವರಿದ್ದು ಮೇಣದ ಥರ ಮೇಲೆ ಕೂತಿರುತ್ತೆ. ಕೆಲವು ತಿಂಗಳು ನೀರು ಜಾರುತ್ತೆ, ಆಮೇಲೆ ಶಾಂಪೂ ಜತೆ ಹೋಗುತ್ತೆ. ಅಂಥ ಮೇಣ ಮನೇಲೇ ಅರ್ಧ ದಿನದಲ್ಲಿ ಹಚ್ಚಬಹುದು.

ಅಕ್ಕ: ಸೆರಾಮಿಕ್ ಆದ್ರೆ? 9ಎಚ್ ಗಟ್ಟಿ, ಗೀರೇ ಬೀಳಲ್ಲ ಅಂತಾರಲ್ಲ ಚಿಕ್ಕಪ್ಪ.

ಹಾಸನ ಚಿಕ್ಕಪ್ಪ: 9ಎಚ್ ಪೆನ್ಸಿಲ್‌ನಿಂದ ಗೀಚಿದ್ರೆ ಗೀರಾಗಲ್ಲ, ಅಷ್ಟೇ ಅದರ ಅರ್ಥ ಪುಟ್ಟಿ. ಮರಳು, ಜಲ್ಲಿ ಪೆನ್ಸಿಲ್‌ಗಿಂತ ಎಷ್ಟೋ ಗಟ್ಟಿ. ಬಣ್ಣದ ಮೇಲೆ ಕಂಪನಿ ಹಾಕೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸುಮಾರು 40-50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ. ಅದರ ಮೇಲೆ ಸೆರಾಮಿಕ್ ಒಂದೆರಡು ಮೈಕ್ರಾನ್. ಕಾಫಿ ಕೊಂಬೆ ಸವರಿದ್ರೆ ಗೀರು ಬೀಳುತ್ತೆ, ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ.

ಮೂಡಿಗೆರೆ ಭಾವ: ಗೀರಿನ ಮಾತು ಬಿಡಿ ಮಾವ. ಕೆಸರು ಅಂಟದೆ ನೀರಿಗೇ ಜಾರಿದ್ರೆ ಉಜ್ಜೋದು ಕಮ್ಮಿ. ಗಾಡಿ ಮೇಲೆ ಬರೋ ಸಣ್ಣ ಸುತ್ತುಗೀರೆಲ್ಲ ಉಜ್ಜಿಯೇ ಬರೋದು. ಅದು ಲಾಭ ಅಲ್ವಾ?

ಹಾಸನ ಚಿಕ್ಕಪ್ಪ: ಅದು ಒಪ್ಪೋ ಮಾತು. ಒಳ್ಳೆ ಸೆರಾಮಿಕ್‌ನ ನಿಜವಾದ ಲಾಭ ಅದೇ. ನನ್ನ ತಕರಾರು ಬಾಟ್ಲಿ ಮೇಲಲ್ಲ, ಕೆಲಸದ ಮೇಲೆ. ಸರಿಯಾಗಿ ಮಾಡೋದು ಹೆಂಗೆ ಅಂದ್ರೆ, ಮೊದಲು ಶಾಂಪೂ ವಾಶ್. ಆಮೇಲೆ ಐರನ್ ರಿಮೂವರ್ ಹೊಡೆದು ಬ್ರೇಕಿನ, ರೈಲಿನ ಕಬ್ಬಿಣದ ಧೂಳು ತೆಗೀಬೇಕು, ಅದು ಕರಗ್ತಾ ನೇರಳೆ ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಅಂಟಿದ ಕೊಳೆ ಎಳೆದು ತೆಗೆಯೋ ಜೇಡಿಯಂಥ ಕ್ಲೇ ಬಾರ್, ಆಮೇಲೆ ಲೈಟ್ ಕೆಳಗೆ ಪಾಲಿಶ್, ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಎಣ್ಣೆ ಅಂಶ ಒರೆಸೋದು. ಇಷ್ಟಾದ ಮೇಲೆ ಕೋಟಿಂಗ್. ಒಂದೊಂದು ಪ್ಯಾನೆಲ್‌ಗೆ ಅಡ್ಡ ಉದ್ದ ಎರಡೂ ಕಡೆ ಸವರಿ, ಬಣ್ಣ ಬಣ್ಣದ ಛಾಯೆ ಎದ್ದ ತಕ್ಷಣ ಒರೆಸಬೇಕು. ತಡ ಆದ್ರೆ ಅಲ್ಲಲ್ಲೇ ಕಲೆ ಗಟ್ಟಿಯಾಗಿ ನಿಲ್ಲುತ್ತೆ, ಮತ್ತೆ ಪಾಲಿಶ್ ಹಿಡಿಯದೆ ಹೋಗಲ್ಲ. ಬಾಟ್ಲಿ 30-50 ಮಿಲಿ ಸಾಕು, ಇಡೀ ದಿನ ಹೋಗೋದು ಮೈ ತಯಾರಿಗೆ. ಒಂದೂವರೆ ಗಂಟೇಲಿ ತಯಾರಿ ಎಲ್ಲಿ ಆಗುತ್ತೆ? ಯಾರ್ಡಲ್ಲಿ ಒರಟು ಬಟ್ಟೆ ಹಾಕಿ ಒರೆಸಿದ ಗೀರಿನ ಮೇಲೇ ಕೋಟ್ ಬಳೀತಾರೆ, ಗೀರು ಒಳಗೇ ಉಳಿಯುತ್ತೆ.

ನಾನು: ಹಂಗಾದ್ರೆ ಹೊರಗಡೆ ಡಿಟೇಲಿಂಗ್ ಅಂಗಡೀಲಿ ಈಗ್ಲೇ ಮಾಡಿಸ್ಬಹುದಾ?

ಹಾಸನ ಚಿಕ್ಕಪ್ಪ: ಜುಲೈಲಿ ಬೇಡ. ಹಚ್ಚಿದ ಮೇಲೆ 24 ಗಂಟೆ ನೀರು ತಾಗಬಾರದು, ಪೂರ್ತಿ ಗಟ್ಟಿಯಾಗೋಕೆ ಸುಮಾರು ಒಂದು ವಾರ. ನಿಮ್ಮ ಕಡೆ ಮಳೇಲಿ ಆ ಒಂದು ವಾರ ಎಲ್ಲಿಂದ ತರ್ತೀಯ? ದೀಪಾವಳಿ ಕಳೀಲಿ.

ಮೂಡಿಗೆರೆ ಭಾವ: ಚಾರ್ಮಾಡಿ, ಶಿರಾಡಿಲಿ ಮುಂದಿನ ಲಾರಿ ಚಕ್ರದಿಂದ ಜಲ್ಲಿ ಸಿಡಿಯುತ್ತಲ್ಲ, ಅದಕ್ಕೆ?

ಹಾಸನ ಚಿಕ್ಕಪ್ಪ: ಅದಕ್ಕೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಒಂದೇ. ಟಿಪಿಯು ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್ಕಿನ ಫಿಲ್ಮು, 150-200 ಮೈಕ್ರಾನ್. ಸಣ್ಣ ಗೀರು ಬಿಸಿಲಿಗೆ ತಾನೇ ಕೂಡ್ಕೊಳ್ಳುತ್ತೆ. ಇಡೀ ಗಾಡಿಗೆ ಹಾಕಿಸೋದು ದುಬಾರಿ. ಮುಂದಿನ ಬಂಪರ್, ಬಾನೆಟ್, ಕನ್ನಡಿ, ಬಾಗಿಲ ಹಿಡಿಯ ಬಟ್ಟಲು, ಹಿಂದಿನ ಚಕ್ರದ ಮುಂದಿನ ಭಾಗ, ಇಷ್ಟು ಸಾಕು. ಪಿವಿಸಿ ಕೊಟ್ರೆ ತಗೋಬೇಡ, ಬೇಗ ಹಳದಿ ಆಗುತ್ತೆ.

ಅಕ್ಕ: ಬೋರ್ಡೋ ಹನಿ ಬಿದ್ರೆ ಏನ್ಮಾಡೋದು? ಎಲ್ಲರ ಮನೇಲೂ ಒಣಬಟ್ಟೇಲಿ ಉಜ್ಜೋದೇ.

ಹಾಸನ ಚಿಕ್ಕಪ್ಪ: ಅದೇ ತಪ್ಪು. ಮೈಲುತುತ್ತ, ಸುಣ್ಣ ಎರಡೂ ಇರುತ್ತೆ. ಒಣಗಿದ ಸುಣ್ಣದ ಹರಳು ಉಜ್ಜಿದ್ರೆ ಕೆರೆಯುತ್ತೆ. ಚೆನ್ನಾಗಿ ನೆನೆಸಿ, ನೀರು ಹಾಯಿಸು. ಉಳಿದ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಮುಟ್ಟಿಸಿ ಕೂಡಲೇ ತೊಳಿ. ಹಕ್ಕಿ ಹಿಕ್ಕೆಗೂ ಒದ್ದೆ ಬಟ್ಟೆ ಮೇಲಿಟ್ಟು ಹತ್ತು ನಿಮಿಷ ನೆನೆಯೋಕೆ ಬಿಡು. ಬಿಸಿಲಲ್ಲಿ ಒಣಗೋಕೆ ಬಿಟ್ರೆ ಸೆರಾಮಿಕ್ ಇದ್ರೂ ಕಲೆ ಉಳಿಯುತ್ತೆ.

ನಾನು: ಅಂಡರ್‌ಬಾಡಿ?

ಹಾಸನ ಚಿಕ್ಕಪ್ಪ: ಕಂಪನೀಲೇ ಇಡೀ ಬಾಡಿನ ಮುಳುಗಿಸಿ ಇ-ಕೋಟ್ (ವಿದ್ಯುತ್ ಹಾಯಿಸಿ ಕೂರಿಸೋ ತುಕ್ಕು ತಡೆ ಪದರ) ಮಾಡಿರ್ತಾರೆ, ಜೋಡಣೆಗೆ ಸೀಲಂಟ್ ಇರುತ್ತೆ. ಮೇಲೆ ದಪ್ಪಗೆ ಹೊಡೆದಾಗ ಬಾಗಿಲ ಅಡಿಯ, ಸಿಲ್‌ನ (ಬಾಗಿಲ ಕೆಳಗಿನ ಹೊಸ್ತಿಲು ಪಟ್ಟಿ) ನೀರು ಹೋಗೋ ತೂತು ಮುಚ್ಚಿದ್ರೆ ಒಳಗೇ ನೀರು ನಿಂತು ತುಕ್ಕು. ಬೇಡ.

ನಾನು: ಶೋರೂಮಿನವನಿಗೆ ಬೇಡ ಅಂದೆ. ಪ್ಯಾಕೇಜ್ ತಗೊಳ್ಳದಿದ್ರೆ ಡೆಲಿವರಿ ಮುಂದಕ್ಕೆ ಹೋಗಬಹುದು ಅಂತಿದಾನೆ.

ಅಕ್ಕ: ಅದನ್ನೇ ವಾಟ್ಸಾಪಲ್ಲಿ ಬರೆದು ಕಳಿಸೋಕೆ ಹೇಳು. ಒಂದು ತಗೊಂಡ್ರೇನೇ ಇನ್ನೊಂದು ಕೊಡ್ತೀವಿ ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಬಂಧಿತ ವ್ಯಾಪಾರ ಪದ್ಧತಿ. ದೂರು ಕೊಡೋ ನಂಬರ್ 1915.

ನಾನು: ಬರೆದು ಕೊಡಿ ಅಂದಿದ್ದಕ್ಕೆ ಗುರುವಾರವೇ ಬನ್ನಿ ಅಂದ್ರು. ಪ್ಯಾಕೇಜ್ ತೆಗೆದ ಹೊಸ ಬಿಲ್ ಬಂತು.

ಹಾಸನ ಚಿಕ್ಕಪ್ಪ: ಇನ್ನೊಂದು ಸಾಲು ಕಳಿಸು: "ಡೆಲಿವರಿಗೆ ಮುಂಚೆ ಪಾಲಿಶ್ ಬೇಡ, ಒಣಬಟ್ಟೇಲಿ ಒರೆಸೋದು ಬೇಡ, ನೀರು ಹಾಯಿಸಿದ್ರೆ ಸಾಕು." ಗಾಡಿ ತಗೊಳ್ಳುವಾಗ ಬಾನೆಟ್, ಛಾವಣಿಗೆ ಟಾರ್ಚ್ ಓರೆಯಾಗಿ ಹಿಡಿದು ನೋಡು. ಗೀರಿದ್ರೆ ಸಹಿ ಹಾಕೋ ಮುಂಚೆಯೇ ಬರೆಸು.

ಮೂಡಿಗೆರೆ ಭಾವ: ಟಾರ್ಚ್ ನಾನು ತರ್ತೀನಿ. ಹತ್ತು ಗಂಟೆಗೆ ಶೋರೂಮ್ ಹತ್ರ ಇರ್ತೀನಿ.